ಬಚ್ಚಲಿನಲ್ಲಿ ಸಿಕ್ಕ ಚೌರಿ

ಯಶವಂತಪುರದ ಡಿಪೋದಲ್ಲಿ ಶುರುವಾದ ಸೀಮೆಎಣ್ಣೆ ಕ್ಯೂ ಚಿಕ್ಕಬಾಣಾವರದಲ್ಲಿ ಮುಗಿದಿತ್ತು. ಶೇವ್ ಮಾಡಿಕೊಂಡು ಬಂದ ಚಿಕ್ಕಹನುಮಯ್ಯನಿಗೆ ಡಿಪೋ ಬಾಗಿಲು ಕಾಣುವ ಹೊತ್ತಿಗೆ ಗಡ್ಡ ಬಂದಿತ್ತು. ಹೆಬ್ಬಾಳದಲ್ಲಿ ಇರುವೆ ಕೆಮ್ಮಿದರೂ ಕೇಳಿಸುವ ಕಿವಿ ಅವನದು. ಮುಂದೆಯೇ ನಿಂತಿದ್ದ ಇಬ್ಬರು ಹೆಂಗಸರ ಮಾತನ್ನು ಬಿಟ್ಟೀತೇ?

“ಬಚ್ಚಲದಾಗ ನೀರು ಹೋಗವಲ್ದಾಗಿತ್ತು, ರತ್ನಕ್ಕ. ಓನರ್ ಪಟಾಲಮ್ಮ, ‘ನಿನ್ನ ಉದ್ದ ಕೂದ್ಲಿಂದ್ಲೇ ಕಟ್ಕೊಂಡೈತೆ, ಮನೆ ಖಾಲಿ ಮಾಡು’ ಅಂದ್ಲು.”

“ಎರಡೂ ಮನಿಗೆ ಒಂದ ಬಚ್ಚಲ ಅಲ್ಲೇನು, ನೀಲಕ್ಕ?”

“ಹೂಂ ಮತ್ತ. ನಮ್ಮನಿಯವರು ಬಿದಿರಿನ ದಬ್ಬಿ ಹಾಕಿ ತಿರುವಿದ್ರು. ಚೌರಿ ಬಂತು.”

“ನಿಂದೇನು?”

“ನನಗ್ಯಾಕ ಚೌರಿ? ತಟ್ಟೆ ಇಡ್ಲಿಯಂಥಾ ತುರುಬು ಇದ್ದದ್ದು ಆಕಿಗೆ. ಹಬ್ಬದ ಎಣ್ಣಿ ಸ್ನಾನ ಆದಾಗಿಂದ ತಲಿಮ್ಯಾಲಿನ ಸೆರಗು ಇಳಿಸಿರಲಿಲ್ಲ.”

ಚಿಕ್ಕಹನುಮಯ್ಯನ ಕಿವಿ ಒಂದು ಗೇಣು ಬೆಳೆಯಿತು.

“ಮಾರಿ ಮ್ಯಾಲ ಎಸೀಬೇಕಿತ್ತು.”

“ಎಸೆದ್ರ ಮಾನ ಹೋತು ಅಂತ ಮನಿ ಬಿಡಿಸ್ತಾಳ. ಸುಮ್ಮನಿದ್ರ ನನ್ನ ಕೂದಲ ಅಂತ ಬಿಡಿಸ್ತಾಳ.”

“ಏನ್ ಮಾಡಿದಿ ಮತ್ತ?”

“ಸೀಗಿಕಾಯಿ ಹಚ್ಚಿ ತೊಳದು, ಎಣ್ಣಿ ಹಾಕಿ ಬಾಚಿ, ಯಾರೂ ಇಲ್ಲದಾಗ ಆಕಿ ಬಟ್ಟಿ ಹಗ್ಗದ ಮ್ಯಾಲ ಹಾಕಿದೆ. ಮುಂಜಾನೆ ನೋಡಿದ್ರ ಚೌರಿ ತಲಿಮ್ಯಾಲಿತ್ತು, ಸೆರಗು ಹೆಗಲಮ್ಯಾಲಿತ್ತು.”

“ಮನಿ ಬಿಡೋ ಮಾತು?”

“ಎತ್ತಲೇ ಇಲ್ಲ. ‘ಸೀಗೆಕಾಯಿ ಎಲ್ ತರ್ತೀಯಮ್ಮ, ಘಮ್ ಅಂತೈತೆ. ಮುಂದಿನ್ ತಿಂಗ್ಳು ನಂಗೂ ತಂದ್ಕೊಡು’ ಅಂದ್ಲು.”

ಇಬ್ಬರೂ ಡಬ್ಬ ತುಂಬಿಸಿಕೊಂಡು ಹೊರಟುಹೋದರು.