ಕಣ್ಣಿಗೊತ್ತಿಕೊಂಡ ಮುಖವಾಡ

ಗುಬ್ಬಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ನಾಟಕದವರು ಕೂತಿದ್ದರು. ಗೋವಿಂದರಾಜು ಎಂಬಾತ ಕುದಿಯುತ್ತಿದ್ದ.

“ಗೋಣಿ ಮುಖವಾಡ ಹಾಕ್ಕಂಡು ಸಿನಿಮಾ ಪೂರ್ತಿ ಒಂಬತ್ತು ಕೊಲೆ ಮಾಡಿದ್ದು ನಾನು ಕಣೋ. ಕೊನೇಲಿ ಮುಖವಾಡ ತೆಗೆದ್ರೆ ಆ ಸ್ಟಾರ್ ಸಂಗಮೇಶನ ಮುಖ!”

“ಅವನ ಮುಖ ಕ್ಯಾಮೆರಾಗೆ ಒಪ್ತದೆ, ಬುಡು.”

“ಮತ್ತೆ ಕೊಲೆಗೆ ಮುಂಚೆ ಮುಖವಾಡನ ಕಣ್ಣಿಗೊತ್ಕೊಳ್ಳೋದು? ಅದೂ ಅವನದೇನಾ?”

“ಅದಕ್ಕೇ ಅಲ್ವಾ ಜನ ನಡುಗೋದು.”

“ಅದು ನಮ್ಮ ನಾಟಕದ ಅಭ್ಯಾಸ. ಮೈಮರೆತು ಮಾಡ್ದೆ, ಡೈರೆಕ್ಟರ್ ಬೆನ್ನ ಹಿಂದಿಂದ ಶೂಟ್ ಮಾಡ್ಕಂಡ್ರು.”

“ಈಗ ಸಂಗಮೇಶ ಅದನ್ನೇ ಮಾಡಿ ಫಂಕ್ಷನ್ನಲ್ಲೆಲ್ಲ ಚಪ್ಪಾಳೆ ಗಿಟ್ಟಿಸ್ತವ್ನೆ.”

ಗುಬ್ಬಿ ಬಂತು. ಇಳಿಯುತ್ತಾ ಗೋವಿಂದರಾಜು ಹೇಳಿದ:

“ಸ್ಕೂಲ್ ಡೇಗೆ ಮಗಳಿಗೆ ಅದನ್ನೇ ಕಲಿಸಕ್ಕೆ ಹೋದೆ. ‘ಸಂಗಮೇಶ್ ಅಂಕಲ್ ಹಿಂಗ್ ಮಾಡಲ್ಲ ಅಪ್ಪ’ ಅಂತ ನನ್ನ ಕೈನೇ ತಿದ್ದಿದ್ಲು.”