ಕೌದಿಯ ನಡುವಿನ ಸೆರಗು

ಬೇರೆಯವರ ಮಾತನ್ನು ಬರೆಯುವುದು ತಪ್ಪೇನೋ, ಮನ್ನಿಸಿ. 2006ರ ಒಂದು ಮಧ್ಯಾಹ್ನ, ಇಳಕಲ್ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತಿದ್ದಾಗ ಪಕ್ಕದ ಅಜ್ಜಿ ಮೊಮ್ಮಗಳ ಮಾತು ಕನಸಿನಂತೆ ಕೇಳಿಸಿತು.

“ಆಯಿ, ನಿನ್ನ ಸೆರಗಿನ ನಕ್ಷೆ ಇಟ್ಟ ಕಂಪ್ಯೂಟರಿನ್ಯಾಗ ಎರಡು ಡಿಸ್ಕ್ ಕೂಡಿ ಒಂದ ಆಗಿ ಕಾಣತಾವ. ಒಳಗ ಹೆಂಗ ಇಟ್ಟೈತಿ ಅಂತ ಇವತ್ತು ಕಮಾಂಡ್ ಹೊಡದು ನೋಡಿದೆ.”

“ಏನಂತು?”

“ನಕ್ಷೆ ಅರ್ಧರ್ಧ ಹಂಚಿ ಇಟ್ಟೈತಿ. ಒಂದು ಕೆಟ್ರ ಎಲ್ಲಾ ಹೋತು.”

“ಎರಡರಾಗೂ ಪೂರಾ ಇಡಾಕ ಬರೂದಿಲ್ಲೇನ?”

“ಬರತೈತಿ. ಮೊದಲು ಎಲ್ಲಾ ಅಳಿಸಬೇಕು. ನಿನ್ನ ಹಳೇ ಸೀರಿ ಕೈಯಾಗಿದ್ರ ನನಗ ಧೈರ್ಯ, ತಪ್ಪಿದ್ರ ಅದರ ಸೆರಗು ನೋಡಿ ಮತ್ತ ನಕ್ಷೆ ತಗೀಬಹುದು.”

“ಕಂಪ್ಯೂಟರಿನ್ಯಾಗ ಐತಿ ಅಂತ ನೀನ ಅಂದಿ. ಅದಕ್ಕ ಆ ಸೀರಿ ಹರದು ಕೌದಿ ಹೊಲದೇನಿ, ಹುಚ್ಚಿ!”

“ಅಯ್ಯ! ಸೆರಗು?”

“ನಡುವ ಹಚ್ಚೇನಿ. ದಿನಾ ಅದನ್ನ ಹೊದ್ದ ಮಲಗತಿ, ಗೊತ್ತಿಲ್ಲೇನ?”

ಅಮೀನಗಡದ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಆ ಸೆರಗು ಇಡಿಯಾಗಿ ಉಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.