ವಿಭೂತಿ ಡಬ್ಬಿಯಲ್ಲಿದ್ದ ನಾಲ್ಕು ಬೋಲ್ಟ್

ಹೇಳಿಕೆ ಕೊಡುವವರು: ಶಾಂತವೀರಪ್ಪ ಬಿನ್ ಲೇಟ್ ಮರುಳಸಿದ್ದಪ್ಪ, 54 ವರ್ಷ, ರೈಸ್‌ಮಿಲ್‌ನಲ್ಲಿ ಮಿಷನ್ ಆಪರೇಟರ್ ಕೆಲಸ, ಸ್ವಂತ ಊರು ಸೊರಬ ತಾಲ್ಲೂಕು ಜಡೆ, ಹಾಲಿ ವಾಸ ಶಿಕಾರಿಪುರ–ಸೊರಬ ರಸ್ತೆಯಲ್ಲಿರುವ ವೀರಬಸಪ್ಪನವರ ರೈಸ್‌ಮಿಲ್ ಕಾಂಪೌಂಡಿನೊಳಗಿನ ಮನೆ.

ದಿನಾಂಕ 13-11-2025ರಂದು ಬೆಳಿಗ್ಗೆ 9-30ಕ್ಕೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಹೀಗಿದೆ.

ನಿನ್ನೆ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ತೀರಿಕೊಂಡ ನೀಲಾಂಬಿಕ, 47 ವರ್ಷ, ನನ್ನ ಹೆಂಡತಿ. ತೌಡು ಕದಿಯುವುದಕ್ಕೆ ಆಕೆಯೇ ಬೆಲ್ಟಿನ ಗಾರ್ಡ್ ಬಿಚ್ಚಿ ಕೈ ಹಾಕಿದಳೆಂದು ಮಿಲ್ಲಿನವರು ಹೇಳುತ್ತಿದ್ದಾರೆ. ಅದು ಸುಳ್ಳು. ಗಾರ್ಡ್ ಎಂದರೆ ತಿರುಗುವ ಚಕ್ರ ಮತ್ತು ಬೆಲ್ಟಿಗೆ ಮುಚ್ಚುವ ಕಬ್ಬಿಣದ ಜಾಲರಿ. ಅದನ್ನು ಬಿಚ್ಚಿದವನು ನಾನು. ಬಿಚ್ಚಿದ್ದು ನಿನ್ನೆಯಲ್ಲ, ಅದಕ್ಕೂ 42 ದಿನ ಮೊದಲು.

ನಾನು ಆ ಮಿಲ್ಲಿಗೆ ಸೇರಿ 19 ವರ್ಷವಾಯಿತು, ನನ್ನ ಹೆಂಡತಿ ಸೇರಿ 11 ವರ್ಷ. ಪ್ರತಿವರ್ಷ ಆಯುಧಪೂಜೆಗೆ ಗಾರ್ಡ್ ಬಿಚ್ಚಿ, ಚಕ್ರ ತೊಳೆದು, ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕುವುದು ನಮ್ಮಲ್ಲಿ ರೂಢಿ. ಜಾಲರಿಗೆ ಪೂಜೆ ಮಾಡಿದರೆ ಮಿಷನ್‌ಗೆ ಮಾಡಿದ ಹಾಗಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಪೂಜೆ ಮುಗಿದ ಮೇಲೆ ತಿರುಗಿ ಹಾಕುತ್ತಿದ್ದೆ. ಈ ವರ್ಷ 01-10-2025ರಂದು ಬೆಳಿಗ್ಗೆ 7 ಗಂಟೆಗೆ 19 ನಂಬರ್ ಸ್ಪ್ಯಾನರ್‌ನಿಂದ ನಾಲ್ಕು ಬೋಲ್ಟ್ ಬಿಚ್ಚಿದೆ. ಗದ್ದಲದಲ್ಲಿ ಎಲ್ಲಾದರೂ ಕಳೆದಾವೆಂದು ನನ್ನ ಹೆಂಡತಿ ಅವನ್ನು ಮನೆಗೆ ಒಯ್ದು ದೇವರ ಮಾಡದಲ್ಲಿದ್ದ ವಿಭೂತಿ ಡಬ್ಬಿಯೊಳಗೆ ಹಾಕಿದಳು. ಅಲ್ಲಿದ್ರೆ ದಿನಾ ಕೈಗೆ ಸಿಗ್ತಾವೆ, ಮರೆಯಂಗಿಲ್ಲ ಎಂದಳು.

03-10-2025ರಂದು ಬೆಳಿಗ್ಗೆ 8 ಗಂಟೆಗೆ ಗಾರ್ಡ್ ಹಾಕಲು ಹೋದಾಗ ಮಾಲೀಕರಾದ ವೀರಬಸಪ್ಪನವರು ಬೇಡವೆಂದರು. ಬೆಲ್ಟ್ ಸಡಿಲಾಗಿ ಜಾರುತ್ತಿದೆ, ದಿನಕ್ಕೆ ಮೂರ್ನಾಲ್ಕು ಸಲ ಅದಕ್ಕೆ ರಾಳ ಹಾಕಬೇಕು, ಪ್ರತಿ ಸಲ ಬಿಚ್ಚಿ ಹಾಕುವುದಕ್ಕೆ ಹದಿನೈದು ನಿಮಿಷ ಮಿಷನ್ ನಿಲ್ಲಿಸಬೇಕಾಗುತ್ತದೆ, ಹೊಸ ಬೆಲ್ಟ್ ಬರೋತನಕ ಹಂಗೇ ಇರ್ಲಿ ಬಿಡು ಶಾಂತವೀರ ಎಂದರು. ಗಾರ್ಡನ್ನು ಖಾಲಿ ಚೀಲಗಳ ಹಿಂದೆ ಇಡಿಸಿದರು. 14ನೇ ತಾರೀಖು ಒಮ್ಮೆ, 27ನೇ ತಾರೀಖು ಇನ್ನೊಮ್ಮೆ ನೆನಪು ಮಾಡಿದೆ. ಎರಡನೇ ಸಲ, ತಿರುಗೋ ಮಿಷನ್‌ಗೆ ಗಾರ್ಡ್ ಇರಲೇಬೇಕಂತ ಕಾನೂನೇ ಐತಂತಲ್ಲ ಸಾವ್ಕಾರ್ರೆ ಎಂದೆ. ಕಾನೂನು ನಾನು ನೋಡ್ಕೊಂತೀನಿ, ನೀನು ಮಿಷನ್ ನೋಡ್ಕೋ ಎಂದರು. ನಾನು ಮಿಷನ್ ನೋಡಿಕೊಂಡೆ.

ನನ್ನ ಹೆಂಡತಿ ಮಾತ್ರ ಬಿಡಲಿಲ್ಲ. ಇವತ್ತಾದ್ರೂ ಹಾಕ್ತೀರೇನ್ರೀ ಎಂದು ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ಬೆಲ್ಟ್ ಬರ್ಲಿ ತಡಿಯೇ ಎಂದು ಮಾಲೀಕರ ಮಾತನ್ನೇ ಆಕೆಗೆ ಒಪ್ಪಿಸುತ್ತಿದ್ದೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಬೋಲ್ಟ್‌ಗಳು ದಿನವೂ ಬೆರಳಿಗೆ ತಗಲುತ್ತಿದ್ದವು. ಅವನ್ನು ಸರಿಸಿ ವಿಭೂತಿ ತೆಗೆದುಕೊಳ್ಳುತ್ತಿದ್ದೆ.

ನಿನ್ನೆ 12-11-2025ರಂದು ಬೆಳಿಗ್ಗೆ 11-40ಕ್ಕೆ ನನ್ನ ಹೆಂಡತಿ ಚಕ್ರಕ್ಕೂ ಗೋಡೆಗೂ ನಡುವಿನ ಎರಡಡಿ ಜಾಗದಲ್ಲಿ ಬಿದ್ದ ತೌಡು ಗುಡಿಸುತ್ತಿದ್ದಳು. ಅದು ಮಾಲೀಕರು ಆಕೆಗೆ ಹಚ್ಚಿದ್ದ ಕೆಲಸ. ನಾನು 12 ಅಡಿ ದೂರದಲ್ಲಿದ್ದೆ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಗ್ಗಿದಾಗ ಜಾರಿ ಅದರ ತುದಿಯನ್ನು ಬೆಲ್ಟ್ ಎಳೆದುಕೊಂಡಿತು. ರೀ ಎಂದು ಒಂದೇ ಸಲ ಕರೆದಳು. ಮಿಷನ್ ಹತ್ತಿರ ನಿಲ್ಲಿಸುವ ಬಟನ್ ಇಲ್ಲ. ಮೇನ್ ಸ್ವಿಚ್ 38 ಅಡಿ ದೂರದ ಗೋಡೆಯಲ್ಲಿದೆ. ಓಡಿ ಹೋಗಿ ಆಫ್ ಮಾಡಿದೆ. ಆದರೂ ಚಕ್ರ ತನ್ನ ಭಾರಕ್ಕೆ ಸುಮಾರು ಮುಕ್ಕಾಲು ನಿಮಿಷ ತಿರುಗಿತು. ವಾಪಸ್ ಓಡಿ ಬಂದು ಕೈಯಿಂದ ಹಿಡಿದು ನಿಲ್ಲಿಸಲು ನೋಡಿದೆ. ಅಂಗೈ ಎರಡೂ ಕಿತ್ತುಹೋಗಿರುವುದನ್ನು ತೋರಿಸಿದ್ದೇನೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. 12-35ಕ್ಕೆ ಪರೀಕ್ಷಿಸಿದ ಡಾಕ್ಟರು ಜೀವ ಹೋಗಿದೆ ಎಂದರು.

ಮಧ್ಯಾಹ್ನ 2 ಗಂಟೆಗೆ ಮಾಲೀಕರ ಮಗ ಚನ್ನೇಶ್ ಆಸ್ಪತ್ರೆಗೆ ಬಂದು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. ಅಕ್ಕ ಕರುವಿಗೆ ತೌಡು ಬಾಚಿಕೊಳ್ಳಲು ಗಾರ್ಡ್ ಬಿಚ್ಚಿದರೆಂದು ಹೇಳಿಬಿಡಿ, ಇಲ್ಲದಿದ್ದರೆ ಬಿಚ್ಚಿದ್ದು ನೀವೇ ಅಂತ ನಾವು ಹೇಳಬೇಕಾಗ್ತದೆ, ಒಳಗೆ ಹೋಗೋರು ನೀವು, ನೋಡಿ ಶಾಂತವೀರಣ್ಣ ಎಂದರು. ನಮ್ಮ ಮನೆಯಲ್ಲಿ ಕರು ಇಲ್ಲ, ಎಮ್ಮೆ ಇಲ್ಲ, ಒಂದು ಕೋಳಿಯೂ ಇಲ್ಲ. ಅಂಗಳದಲ್ಲಿ ಭತ್ತ ಒಣಗಿಸುವುದರಿಂದ ಏನನ್ನೂ ಸಾಕಬಾರದೆಂದು ಕಟ್ಟುಮಾಡಿದವರು ಅವರ ತಂದೆಯೇ. ಅದು ಆಗ ನನ್ನ ಬಾಯಿಗೆ ಬರಲಿಲ್ಲ. ಹೆದರಿದ್ದೆ.

3-15ಕ್ಕೆ ಬಳ್ಳಿಗಾವಿಗೆ ಕೊಟ್ಟಿರುವ ಮಗಳು ಗಂಗಾಶ್ರೀ ಬಂದಳು. ಅಷ್ಟರಲ್ಲಿ ತೌಡು ಕದಿಯಲು ಹೋದಳೆಂಬ ಮಾತು ಆಸ್ಪತ್ರೆಯ ಗೇಟಿನವರೆಗೂ ಹಬ್ಬಿತ್ತು. ಅಪ್ಪಾಜಿ, ಅವ್ವ ಯಾಕೆ ಕದಿಯೋಕೆ ಹೋದ್ಲು, ನನ್ನ ಕೇಳಿದ್ರೆ ತೌಡು ನಾನು ಕೊಡ್ತಿರಲಿಲ್ಲೇನು ಎಂದು ಅತ್ತಳು. ಬೆಲ್ಟ್ ಆಕೆಯ ಜೀವ ತೆಗೆಯಿತು, ಆಮೇಲೆ ನಾನು ಸುಮ್ಮನೆ ನಿಂತು ಮಾನವನ್ನೂ ತೆಗೆದೆ.

ಸಂಜೆ 5 ಗಂಟೆಗೆ ಆಕೆಗೆ ಉಡಿಸಲು ಸೀರೆ ತರಬೇಕೆಂದು ಮನೆಗೆ ಹೋದವನು ಮಿಲ್ಲಿನೊಳಗೆ ಇಣುಕಿದೆ. ಗಾರ್ಡ್ ತನ್ನ ಜಾಗದಲ್ಲಿತ್ತು. ನಾಲ್ಕು ಹೊಸ ಬೋಲ್ಟ್ ಹೊಳೆಯುತ್ತಿದ್ದವು. ಹಳೆಯ ಬೆಲ್ಟೇ ಇತ್ತು. ಹದಿನೈದು ನಿಮಿಷದ ಕೆಲಸ, ಆಕೆ ಬದುಕಿದ್ದಾಗ ಆಗಲಿಲ್ಲ.

ಇಂದು ಬೆಳಿಗ್ಗೆ 6 ಗಂಟೆಗೆ ಸ್ನಾನ ಮಾಡಿ, ರೂಢಿಯಂತೆ ವಿಭೂತಿ ಡಬ್ಬಿಗೆ ಕೈ ಹಾಕಿದೆ. ಬೋಲ್ಟ್‌ಗಳು ಬೆರಳಿಗೆ ತಗಲಿದವು. ಈ ಸಲ ಸರಿಸಲು ಆಗಲಿಲ್ಲ. ಡಬ್ಬಿ ಸಮೇತ ಇಲ್ಲಿಗೆ ತಂದಿದ್ದೇನೆ. ನಾಲ್ಕರ ತಲೆಯ ಮೇಲೂ ಗಾರ್ಡಿಗೆ ಬಳಿದಿರುವ ಹಸಿರು ಬಣ್ಣವೇ ಇದೆ. ಮಿಲ್ಲಿನಲ್ಲಿ ಈಗ ಹಾಕಿರುವ ಬೋಲ್ಟ್‌ಗಳಿಗೆ ಬಣ್ಣವಿಲ್ಲ. ತಾವು ಹೋಗಿ ನೋಡಬೇಕು. ಬಿಚ್ಚಿದ ತಪ್ಪು ನನ್ನದು, ಅದಕ್ಕೆ ಏನು ಶಿಕ್ಷೆಯೋ ಆಗಲಿ. ಹಾಕಲು ಬಿಡದ ತಪ್ಪು ಮಾಲೀಕರದು. ನೀಲಾಂಬಿಕಳದು ಏನೂ ಇಲ್ಲ.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಓದಿ ಕೇಳಿಸಿದ್ದಾರೆ. ಇದರಲ್ಲಿ ಸುಳ್ಳಿಲ್ಲ, ಯಾರ ಒತ್ತಾಯವೂ ಇಲ್ಲ.

ಓದಿದ ಮೇಲೆ ಸೇರಿಸಿದ್ದು: ಬೋಲ್ಟ್‌ಗಳನ್ನು ತಾವು ಇಟ್ಟುಕೊಳ್ಳಿ. ಡಬ್ಬಿಯನ್ನು ಮಾತ್ರ ಇವತ್ತೇ ವಾಪಸ್ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ. ಮಧ್ಯಾಹ್ನ 3 ಗಂಟೆಗೆ ಜಡೆಯಲ್ಲಿ ಮಣ್ಣು. ಆಕೆಯ ಹಣೆಗೆ ಹಚ್ಚಲು ಮನೆಯಲ್ಲಿ ಬೇರೆ ವಿಭೂತಿ ಇಲ್ಲ.

ಸ್ಥಳ: ಶಿಕಾರಿಪುರ
ದಿನಾಂಕ: 13-11-2025
ಅಂಗೈಗೆ ಪಟ್ಟಿ ಕಟ್ಟಿರುವುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು: ಶಾಂತವೀರಪ್ಪ